ಡೈರೆಕ್ಟ್ ಕೊಡದ ಫಜಲುಲ್ಲಾ

ಹರಿಹರದ ಫಜಲುಲ್ಲಾ ಸಾಹೇಬರ ಸಿಟ್ಟು ನೋಡಬೇಕೆಂದರೆ ಒಂದೇ ಮಾತು ಸಾಕು: ‘ಡೈರೆಕ್ಟ್’. ಗೀಸರಿನೊಳಗೆ ಥರ್ಮೋಸ್ಟಾಟ್ ಅಂತ ಒಂದು ಪುಟ್ಟ ಸಾಮಾನು ಇರುತ್ತದೆ. ನೀರು ಇಷ್ಟು ಕಾದರೆ ಸಾಕೆಂದು ಕರೆಂಟು ತಪ್ಪಿಸುವುದು ಅದರ ಕೆಲಸ. ಅದು ಕೆಟ್ಟಿತೆನ್ನಿ, ಕಿತ್ತೆಸೆದು ತಂತಿಗೆ ತಂತಿ ಸೇರಿಸಿಬಿಟ್ಟರೆ ಆಯಿತು, ಡೈರೆಕ್ಟ್! ನೀರು ಕೊತಕೊತ ಕುದಿಯುತ್ತದೆ, ಮನೆಯವರಿಗೆ ಖುಷಿಯೋ ಖುಷಿ. ಮುಂದೊಂದು ದಿನ ಟ್ಯಾಂಕು ಢಮಾರ್ ಎಂದಾಗ ಮಾತ್ರ ಆ ಮೆಕ್ಯಾನಿಕ್ಕಿನ ಹೆಸರು ಯಾರಿಗೂ ನೆನಪಿರುವುದಿಲ್ಲ. ಕೇಳಿದವರಿಗೆಲ್ಲ ಡೈರೆಕ್ಟ್ ಕೊಡುವ ಪುಣ್ಯಾತ್ಮರು ದಾವಣಗೆರೆಯಲ್ಲಿ ಬೇಕಾದಷ್ಟಿದ್ದಾರೆ. ಫಜಲುಲ್ಲಾ ಕೊಟ್ಟವರಲ್ಲ. “ಕಾವಲಿಗೆ ಇದ್ದವನ ಕೈಕಾಲು ಕಟ್ಟಿ ಮಲಗ್ತೀರೇನ್ರಿ?” ಎಂದು ಎಗರಿಬೀಳುತ್ತಾರೆ. ಇದರಿಂದ ಗಿರಾಕಿಗಳು ಕೈಬಿಟ್ಟು ಹೋದದ್ದೂ ಉಂಟು. ಹೋದರೆ ಹೋಗಲಿ ಎನ್ನುವ ಪೈಕಿ ಈ ಮನುಷ್ಯ.

ಗುತ್ತೂರಿನ ಬಳಿಯ ಕಾರ್ಖಾನೆಯೊಂದರಲ್ಲಿ ಮೋಟಾರು ವೈಂಡಿಂಗ್ ಮಾಡಿಕೊಂಡಿದ್ದವರು, ಅದು ಬಾಗಿಲು ಹಾಕಿಕೊಂಡ ಮೇಲೆ ಗೀಸರ್ ರಿಪೇರಿಗೆ ಇಳಿದರು. ಬೆಳಗಾದರೆ ಮೊಪೆಡ್ಡಿನ ಮುಂದೆ ಸಾಮಾನಿನ ಚೀಲ ಇಟ್ಟುಕೊಂಡು ದಾವಣಗೆರೆಯ ದಾರಿ ಹಿಡಿಯುತ್ತಾರೆ. ಸ್ಕ್ರೂ ಬಿಗಿದ ಕೂಡಲೇ ಎದ್ದುಹೋಗುವ ಆಸಾಮಿಯಲ್ಲ. ನೀರು ಒಮ್ಮೆ ಪೂರ್ತಿ ಕಾದು, ಕೆಂಪು ದೀಪ ತಾನಾಗಿ ಆರಿ, ತಮ್ಮ ಕೈಯ ಮೇಲೇ ನೀರು ಬಿಟ್ಟುಕೊಂಡು ನೋಡುವ ತನಕ ಅಲ್ಲೇ ಕೂರುತ್ತಾರೆ. ಚಹಾ ಕೊಟ್ಟರೆ ಕುಡಿಯುತ್ತಾರೆ, ಕೊಡದಿದ್ದರೂ ಕೂರುತ್ತಾರೆ.

ಇಂಥವರಿಗೂ ಹೋದ ಚಳಿಗಾಲ ದೇವರಾಜ ಅರಸು ಬಡಾವಣೆಯ ಮರುಳಸಿದ್ದಮ್ಮನ ಮನೆಯ ಗೀಸರು ಸರಿಯಾಗಿ ನೀರು ಕುಡಿಸಿತು. ಮರುಳಸಿದ್ದಮ್ಮನ ಮಗಳು ವಾಣಿ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಚೊಚ್ಚಲು. ಇಡೀ ಓಣಿಯ ಬಾಣಂತಿಯರಿಗೆ ನೀರು ಹಾಕಿದ ಕೈ ಮರುಳಸಿದ್ದಮ್ಮನದು. ಸ್ವಂತ ಮಗಳೆಂದರೆ ಬಿಡುತ್ತಾಳೆಯೇ? ಸುಡುಸುಡು ನೀರೇ ಆಗಬೇಕು. ಆದರೆ ಮಗಳು ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂತ ಹೊತ್ತಿಗೇ ಗೀಸರಿನ ದೀಪ ಆರುತ್ತಿತ್ತು, ನೀರು ಉಗುರುಬೆಚ್ಚಗೆ. ಫಜಲುಲ್ಲಾ ಬಂದು ಥರ್ಮೋಸ್ಟಾಟ್ ಬದಲಾಯಿಸಿದರು. ಮರುದಿನ ಅದೇ ಕಥೆ. ಕಾಯಿಲ್ ತೆಗೆದು ನೋಡಿದರು, ತಂತಿ ತಡವಿದರು. ಅವರಿದ್ದಷ್ಟು ಹೊತ್ತು ಗೀಸರು ಬಂಗಾರದಂತೆ ನಡೆಯಿತು. ಡಾಕ್ಟರ ಎದುರಿಗೆ ಕೂತ ಕೂಡಲೇ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

ಮೂರನೇ ಸಲ ಕರೆಸಿದಾಗ ಮರುಳಸಿದ್ದಮ್ಮ ನೇರವಾಗಿಯೇ ಹೇಳಿದಳು. ಮಗಳು ದಿನದಿಂದ ದಿನಕ್ಕೆ ಸೊರಗುತ್ತಿದ್ದಾಳೆ, ಬಚ್ಚಲಿನಿಂದ ಎದ್ದು ಬರುವಾಗ ತಲೆ ತಿರುಗಿ ಗೋಡೆ ಹಿಡಿಯುತ್ತಾಳೆ. ತಣ್ಣೀರು ಬಿದ್ದು ಸನ್ನಿಯಾದರೆ ಯಾರು ಗತಿ? “ನಿಮ್ಮ ಕೈಲಿ ಆಗ್ಲಿಲ್ಲ ಅಂದ್ರ ಬ್ಯಾಡ ಬಿಡ್ರಿ ಸಾಬ್ರೇ. ನಾಳೆ ಬ್ಯಾರೆಯೋನ ಕರೆಸಿ ಡೈರೆಕ್ಟ್ ಮಾಡಿಸ್ತೀನಿ.”

ಆ ಮಾತಿಗೆ ಬೇರೆ ದಿನವಾಗಿದ್ದರೆ ಫಜಲುಲ್ಲಾ ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಿದ್ದರು. ಅಂದು ಕಾಲು ಏಳಲಿಲ್ಲ. ಕುದಿಯುವ ಟ್ಯಾಂಕಿನ ಕೆಳಗೆ ಹಸಿ ಬಾಣಂತಿ ಕೂರುವುದು ಕಣ್ಣಿಗೆ ಕಟ್ಟಿತು. ಗೀಸರಿನ ಅಡಿಯ ಪ್ಲಾಸ್ಟಿಕ್ ಮುಚ್ಚಳವನ್ನು ಮತ್ತೊಮ್ಮೆ ಬಿಚ್ಚಿ ಕೈಯಲ್ಲಿ ತಿರುಗಿಸಿದರು. ಅಂಚು ಒಂಚೂರು ಸೊಟ್ಟಗಾಗಿತ್ತು. ಮೂಸಿದರೆ ಲೋಬಾನದ ವಾಸನೆ. ಇಲ್ಲಿಗೆ ಲೋಬಾನ ಹೇಗೆ ಬಂತು? ಗೀಸರು ಕೆಡುವುದು ಬಾಣಂತಿ ಒಳಗಿದ್ದಾಗ ಮಾತ್ರ, ಆಗ ಗಂಡಸು ಅತ್ತ ಸುಳಿಯುವಂತಿಲ್ಲ. ಕೆಡುವ ಹೊತ್ತನ್ನು ನೋಡದೆ ಮದ್ದು ಕೊಡುವುದಾದರೂ ಹೇಗೆ?

ಮುಚ್ಚಳವನ್ನು ಮತ್ತೆ ಕೂರಿಸಿ, ವಾಣಿ ಕೋಣೆಯಲ್ಲೇ ಇರಲಿ, ದಿನಾ ಮಾಡುವುದನ್ನೆಲ್ಲ ಬಾಣಂತಿ ಇಲ್ಲದೆಯೇ ಒಮ್ಮೆ ಮಾಡಿ ತೋರಿಸಿ ಎಂದರು. ಮರುಳಸಿದ್ದಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಬಾಣಂತಿಯಿಲ್ಲದ ಬಾಣಂತಿ ಸ್ನಾನವೇ! ಈ ಸಾಬರಿಗೆ ತಲೆ ಕೆಟ್ಟಿದೆ ಎಂದುಕೊಂಡರೂ, ಮಗಳ ಮುಖ ನೋಡಿ ಒಪ್ಪಿದಳು.

ಮೊದಲು ಗೀಸರು ಹಾಕಿ, ಗಾಳಿ ಸೋಕದಂತೆ ಕಿಟಕಿಗೆ ಹಳೇ ಸೀರೆ ತುರುಕಿದಳು. ಆಮೇಲೆ ಬಾಣಲಿ ತುಂಬ ಇದ್ದಿಲು ಕೆಂಡ ತಂದು, ಲೋಬಾನ ಉದುರಿಸಿ, ನೀರು ತಾಗದಿರಲೆಂದು ಗೀಸರಿನ ನೆಟ್ಟಗೆ ಕೆಳಗಿದ್ದ ಗೂಡಿನಲ್ಲಿ ಇಟ್ಟಳು. ಎಣ್ಣೆ ಹಚ್ಚಿಕೊಂಡ ಮೈ ಬೆವರಲಿ ಎಂದು ಮಗಳನ್ನು ಒಳಗೆ ಮಣೆಯ ಮೇಲೆ ಕೂರಿಸಿ ಬಾಗಿಲು ಮುಚ್ಚಿ, ತಾನು ಕೂಸನ್ನು ನೋಡಲು ಹೋಗುತ್ತಿದ್ದಳಂತೆ. ಫಜಲುಲ್ಲಾ ಸರಿ ಎಂದು ಆ ಮಣೆಯ ಮೇಲೆ ತಾವೇ ಕೂತು ಬಾಗಿಲು ಹಾಕಿಸಿಕೊಂಡರು.

ಕೆಂಡದ ಝಳ ಮೇಲೇರಿ ಮುಚ್ಚಳಕ್ಕೆ ಬಡಿಯಿತು. ಒಳಗಿನ ಥರ್ಮೋಸ್ಟಾಟ್ ನೀರೇ ಕಾಯಿತೆಂದು ತಿಳಿದು ಟಕ್ಕೆಂದಿತು, ದೀಪ ಆರಿತು. ಸಿಕ್ಕಿಬಿತ್ತು ಎಂದು ಹಿಗ್ಗಿ ಏಳಲು ಹೋದರೆ ಮೊಣಕಾಲು ಮಾತು ಕೇಳಲಿಲ್ಲ. ತಲೆ ಧಿಮ್ಮೆನ್ನುತ್ತಿತ್ತು. ಗೀಸರಿನ ಯೋಚನೆ ಅಲ್ಲಿಗೇ ಹಾರಿಹೋಯಿತು. ಬಾಗಿಲು ದೂಡಿಕೊಂಡು ಹೊರಬಿದ್ದು, ಹಿತ್ತಲ ಕಟ್ಟೆಯ ಮೇಲೆ ಕೂತು ಗಾಳಿ ಎಳೆದುಕೊಂಡರು. ಮರುಳಸಿದ್ದಮ್ಮ ಗಾಬರಿಯಾಗಿ ಓಡಿಬಂದಳು.

“ಗೀಸರಿಗೆ ಏನೂ ಆಗಿಲ್ರಿ ಅಮ್ಮಾರೇ,” ಎಂದರು ಫಜಲುಲ್ಲಾ, ಉಸಿರು ತಿರುಗಿದ ಮೇಲೆ. “ಮುಚ್ಚಿದ ಕೋಣ್ಯಾಗೆ ಕೆಂಡ ಇಟ್ರೆ ಅದರ ಗಾಳಿ ವಿಷ. ವಾಸನಿ ಇಲ್ಲ, ಗೊತ್ತೇ ಆಗಂಗಿಲ್ಲ. ಮಲಗಿದಂಗೆ ಜೀವ ಹೋಗ್ತೈತಿ.”

ಮರುಳಸಿದ್ದಮ್ಮನನ್ನು ಜರೆಯಲು ಫಜಲುಲ್ಲಾರಿಗೆ ಮನಸ್ಸು ಬರಲಿಲ್ಲ. ಹಂಚಿನ ಬಚ್ಚಲಲ್ಲಿ ಸಂದಿಗೊಂದಿಯಿಂದ ಹೊಗೆ ಹೋಗುತ್ತಿತ್ತು, ಈಗಿನ ಬಚ್ಚಲು ಡಬ್ಬಿಯ ಹಾಗೆ, ಇದರಲ್ಲಿ ನಿಮ್ಮ ತಪ್ಪೇನಿಲ್ಲ ಎಂದು ಸಮಾಧಾನ ಹೇಳಿದರು. ವಾಣಿಯನ್ನು ಇವತ್ತೇ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದರು. ಮರುಳಸಿದ್ದಮ್ಮ ಬಚ್ಚಲಿಗೆ ಹೋಗಿ, ಬಾಣಲಿಯನ್ನು ಹಿತ್ತಲಿಗೆ ತಂದು ಬೋರಲು ಹಾಕಿದಳು.

ಎಲ್ಲವನ್ನೂ ಕೇಳಿಸಿಕೊಂಡ ವಾಣಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಇಷ್ಟು ದಿನ ಎಲ್ಲರೂ ಅವಳಿಗೆ ಮೈಯಲ್ಲಿ ಕಸುವಿಲ್ಲ, ತಿನ್ನುವುದಿಲ್ಲ ಎಂದೇ ಬಯ್ದಿದ್ದರು.

“ಹಂಗಾರೆ ನಂದು ನಿಶ್ಶಕ್ತಿ ಅಲ್ವೇನ್ರಿ ಕಾಕಾ?”

“ಅಲ್ಲವ್ವಾ,” ಎಂದರು ಫಜಲುಲ್ಲಾ. “ನಾನು ಒಂದು ಸಲಕ್ಕೇ ಬಿದ್ದುಬಿಡ್ತಿದ್ದೆ. ನೀನು ಗಟ್ಟಿ ಇದ್ದಿದ್ದಕ್ಕೇ ದಿನಾ ಎದ್ದು ಹೊರಗೆ ಬಂದಿ.”

ಮರುಳಸಿದ್ದಮ್ಮ ಮಸಿ ಕೈಯಲ್ಲೇ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.