ಔಷಧಿ ಅಂಗಡಿಯ ಕೌಂಟರಿನಲ್ಲಿ ಮಿಸ್ ಒಡೆಸ್ಸಾ

ಅಮೆರಿಕದ ದಕ್ಷಿಣದಲ್ಲಿರುವ ಫೋರ್ಟ್ ಮಿಲ್ ಸುತ್ತಮುತ್ತ ಮನೆಗಳಿಗಿಂತ ಪೀಚ್ ತೋಟಗಳೇ ಹೆಚ್ಚಾಗಿದ್ದ ಕಾಲವದು. ತೊಂಬತ್ತರ ದಶಕ. ಹುಬ್ಬಳ್ಳಿಯಿಂದ ಬಂದ ಅಪ್ಪ ಅಲ್ಲಿಗೆ ಹತ್ತಿರದ ಒಂದು ಸಣ್ಣ ಊರಿನ ಬಟ್ಟೆ ಮಿಲ್ಲಿನಲ್ಲಿ ಇಂಜಿನಿಯರ್ ಆಗಿದ್ದರು. ಬೇಸಿಗೆ ರಜೆ ಬಂತೆಂದರೆ ನಮಗೆ ಊರೆಲ್ಲ ಆಟದ ಬಯಲು. ಸೈಕಲ್ ತುಳಿದು ದಣಿದು ನಿಂತಲ್ಲಿ, ರಸ್ತೆ ಬದಿಯ ಹಂಡೆಯ ಉಪ್ಪುನೀರಿನಲ್ಲಿ ಶೇಂಗಾ ಬೇಯುವ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವ್ವನಿಗೆ ಆ ಊರು ಒಗ್ಗಿದ್ದು ಆ ವಾಸನೆಯಿಂದ. ಮತ್ತೆ ಮಿಸ್ ಒಡೆಸ್ಸಾ ಅವರಿಂದ.

ಮಿಸ್ ಒಡೆಸ್ಸಾ ನಮ್ಮ ಪಕ್ಕದ ಮನೆಯವರು, ಕಪ್ಪು ಹೆಂಗಸು, ಊರಿನ ಶಾಲೆಯಲ್ಲಿ ಟೀಚರ್. ರಜೆಯಲ್ಲಿ ಹಿತ್ತಲಲ್ಲಿ ಬೆಂಡೆಕಾಯಿ ಬೆಳೆದು ಬುಟ್ಟಿ ತುಂಬ ನಮಗೆ ಕೊಡುತ್ತಿದ್ದರು. ಅವ್ವ ಅವರನ್ನು 'ಅಕ್ಕಾರ' ಎಂದೇ ಕರೆಯುತ್ತಿದ್ದಳು. ಅವರೂ ಅದು ಹುಟ್ಟಿದಾಗ ಇಟ್ಟ ಹೆಸರೇನೋ ಎಂಬಂತೆ ಓಗೊಡುತ್ತಿದ್ದರು. ಅವ್ವನ ಇಂಗ್ಲಿಷ್ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ನಾನು ಮಾತು ದಾಟಿಸುತ್ತಿದ್ದೆ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಊರಿಗೆ ಸಿನಿಮಾದವರು ಬಂದರು. ಅರವತ್ತರ ದಶಕದಲ್ಲಿ ಬಿಳಿಯರ ಪಕ್ಕದಲ್ಲಿ ಕೂತು ಉಣ್ಣುವ ಹಕ್ಕಿಗಾಗಿ ಕಪ್ಪು ಜನ ಹೋರಾಡಿದ ದಿನಗಳ ಚಿತ್ರ. ಮೇನ್ ಸ್ಟ್ರೀಟಿನ ಹಳೆಯ ಔಷಧಿ ಅಂಗಡಿ ಖಾಲಿ ಬಿದ್ದಿತ್ತು. ಬಡಗಿಗಳು ಅದರೊಳಗೆ, ಹಿಂದೆ ಅಂಥ ಅಂಗಡಿಗಳಲ್ಲಿ ಇರುತ್ತಿದ್ದಂಥ ಉದ್ದನೆಯ ಊಟದ ಕೌಂಟರ್ ಕಟ್ಟಿದರು, ಮುಂದೆ ಕೆಂಪು ಸ್ಟೂಲುಗಳನ್ನು ನೆಟ್ಟರು, ಗಾಜಿನ ಪೆಟ್ಟಿಗೆಯಲ್ಲಿ ಪೈ ಎಂಬ ಸಿಹಿತಿನಿಸುಗಳನ್ನಿಟ್ಟರು. ಬಾಗಿಲಿಗೆ 'ಬಿಳಿಯರಿಗೆ ಮಾತ್ರ' ಎಂಬ ಹಲಗೆ ತೂಗುಹಾಕಿದರು.

ಆ ಹಲಗೆಯ ಮುಂದೆ ಅವ್ವನ ಕಾಲು ನಿಂತುಬಿಟ್ಟಿತು.

"ಅವ್ವಾ, ನಾವು ಆಗ ಇಲ್ಲಿ ಇದ್ದಿದ್ರೆ ಯಾವ ಸೈಡ್ ಕೂತ್ಕೋಬೇಕಿತ್ತು?" ಎಂದು ಕೇಳಿದೆ.

"ನನಗ ಗೊತ್ತಿಲ್ಲ, ನಮ್ಮವ್ವ," ಎಂದಳು. ನನ್ನ ಕೈ ಮಾತ್ರ ಬಿಗಿಯಾಗಿ ಹಿಡಿದುಕೊಂಡಳು.

ಶೂಟಿಂಗ್ ದಿನ ಊರಿನವರನ್ನೆಲ್ಲ ಹಗ್ಗದ ಆಚೆ ನಿಲ್ಲಿಸಿದ್ದರು. ಅವ್ವ ಎಲ್ಲಿಗೆ ಹೋದರೂ ಒಯ್ಯುವ ಚಹಾದ ಫ್ಲಾಸ್ಕ್ ಹಿಡಿದು ಬಂದಿದ್ದಳು. ಪಕ್ಕದಲ್ಲಿ ಮಿಸ್ ಒಡೆಸ್ಸಾ ಇದ್ದರು. ದೃಶ್ಯ ಇಷ್ಟೇ: ಕಪ್ಪು ಕಾಲೇಜು ಹುಡುಗಿಯೊಬ್ಬಳು ಕೌಂಟರಿನಲ್ಲಿ ಕಾಫಿ ಕೇಳಿ ಕೂತಿದ್ದಾಳೆ, ಬಿಳಿಯ ಯುವಕನೊಬ್ಬ ಬಂದು ಅವಳ ತಲೆಯ ಮೇಲೆ ಮಿಲ್ಕ್‌ಶೇಕ್ ಸುರಿಯಬೇಕು. ಆ ನಟನ ಕೈಯೇ ಏಳಲಿಲ್ಲ. ಎದ್ದರೂ ಲೋಟ ಓರೆಯಾಗಿ, ಅವಳ ಭುಜದ ಮೇಲೆ ನಾಲ್ಕು ಹನಿ ಬಿದ್ದು ನಿಲ್ಲುತ್ತಿತ್ತು. ಮತ್ತೆ ಮತ್ತೆ ತೆಗೆದರು. ಕೊನೆಗೆ ಅವನು ಲೋಟ ಕೆಳಗಿಟ್ಟು, "ನನ್ನಿಂದ ಆಗ್ತಿಲ್ಲ ಸರ್," ಎಂದ.

ಮಿಸ್ ಒಡೆಸ್ಸಾ ಹಗ್ಗ ಎತ್ತಿ ಒಳಗೆ ನಡೆದರು. ಯಾರೋ ತಡೆಯಲು ಬಂದರು. ಅವರ ಮುಖ ನೋಡಿದ ಡೈರೆಕ್ಟರ್, ಬಿಡಿ ಎಂದು ಕೈಸನ್ನೆ ಮಾಡಿದರು.

"ಮಗು, ನಿನ್ನ ಹೆಸರೇನು?"

"ಡ್ಯಾನಿ, ಮ್ಯಾಮ್."

"ಡ್ಯಾನಿ, ನೀನು ಮೆಲ್ಲಗೆ ಸುರಿದರೆ, ನಮಗೆ ಮೆಲ್ಲಗೇ ಮಾಡಿದ್ರು ಅಂತ ನೋಡೋರು ಅಂದ್ಕೋತಾರೆ. ಇದೇ ಅಂಗಡೀಲಿ ನನ್ನ ತಲೆ ಮೇಲೆ ಸುರಿದವನು ನಗ್ತಾ ಇದ್ದ. ನೀನೂ ನಗಬೇಕು."

ದಿನವೂ ಅವರನ್ನು ಬೇಲಿಯಾಚೆ ನೋಡುತ್ತಿದ್ದ ನಮಗೂ ಈ ವಿಷಯ ಗೊತ್ತಿರಲಿಲ್ಲ. ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ, "ಏನಂದ್ರು? ಏನಂದ್ರು ಹೇಳ," ಎಂದಳು. ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಿಸ್ ಒಡೆಸ್ಸಾ ಆ ಹುಡುಗಿಯ ಕಡೆ ತಿರುಗಿದರು. "ಬೆನ್ನು ನೆಟ್ಟಗಿರಲಿ. ಕೈ ಎರಡೂ ಎಲ್ಲರಿಗೂ ಕಾಣೋ ಹಾಗೆ ಕೌಂಟರ್ ಮೇಲಿಡು. ಯಾರ ಮುಖಾನೂ ನೋಡಬೇಡ, ಆ ಪೈ ನೋಡು. ನಾನು ನೋಡಿದ್ದು ಲೆಮನ್ ಪೈ. ಇವತ್ತಿಗೂ ಅದು ನನಗೆ ಸೇರಲ್ಲ."

ಈ ಸಲ ಡ್ಯಾನಿ ನಕ್ಕ. ನೋಡಲಾಗದಂಥ ನಗು. ಬಿಳಿ ಹಾಲು ಹುಡುಗಿಯ ಕೂದಲಿನಿಂದ ಹಣೆಗೆ, ಹಣೆಯಿಂದ ರೆಪ್ಪೆಗೆ ಇಳಿಯಿತು. ಅವಳು ಕದಲಲಿಲ್ಲ. "ಕಟ್" ಎಂದದ್ದೇ ತಡ, ಡ್ಯಾನಿ ಟವೆಲ್ ತಂದು ಅವಳ ತಲೆ ಒರೆಸುತ್ತ ಅತ್ತುಬಿಟ್ಟ. ಅವಳೇ ಅವನ ಬೆನ್ನು ತಟ್ಟಿದಳು.

ಊಟದ ಬಿಡುವಿನಲ್ಲಿ ಹಗ್ಗ ತೆಗೆದರು. ಮಿಸ್ ಒಡೆಸ್ಸಾ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಅವ್ವ ನನ್ನಿಂದ ಕೇಳಿಸಿದಳು: ಕಡೆಗೂ ಕಾಫಿ ಕೊಟ್ಟರಾ?

"ಎಲ್ಲಿ ಕೊಟ್ರು? ನಮಗೆ ಕೊಡಬೇಕಾಗುತ್ತೆ ಅಂತ ಅಂಗಡಿಯವರು ಸ್ಟೂಲುಗಳನ್ನೇ ಕಿತ್ತು ಹಾಕಿದ್ರು. ಬಿಳಿಯರಿಗೂ ಬೇಡ ಅಂತ."

ಅವ್ವ ಕೌಂಟರಿನ ಆಚೆ ಹೋದಳು. ಸಿನಿಮಾದವರ ಬಿಳಿ ಕಪ್ಪೊಂದನ್ನು ಸೆರಗಿನಿಂದ ಒರೆಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಸಾಸರಿನಲ್ಲಿಟ್ಟು ಅವರ ಮುಂದೆ ಸರಿಸಿದಳು. "ತಗೋರಿ ಅಕ್ಕಾರ."

ಮಿಸ್ ಒಡೆಸ್ಸಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಒಂದು ಗುಟುಕು ಕುಡಿದು, "ಶುಂಠಿ ಜಾಸ್ತಿ ಆಯ್ತು," ಎಂದರು. ಆದರೂ ತಳ ಕಾಣುವವರೆಗೆ ಕುಡಿದರು.

ಮರುವರ್ಷ ಎಲ್ಲರೂ ಹತ್ತಿರದ ದೊಡ್ಡ ಊರಾದ ಷಾರ್ಲಟ್‌ಗೆ ಹೋಗಿ ಆ ಚಿತ್ರ ನೋಡಿದೆವು. ಕೌಂಟರಿನ ದೃಶ್ಯ ಬಂದಾಗ ಸಂಗೀತ ಏರಿತು, ಹುಡುಗಿಯ ಮುಖದ ಮೇಲೆ ಬೆಳಕು ಬಿತ್ತು. ಥಿಯೇಟರಿನಲ್ಲಿ ಅಳದವರಿರಲಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಮಿಸ್ ಒಡೆಸ್ಸಾ ಮಾತ್ರ ಬಗ್ಗಿ ಪಿಸುಗುಟ್ಟಿದರು: "ಚೆನ್ನಾಗಿ ಮಾಡಿದ್ದಾರೆ, ಬೇಬಿ. ಆದರೆ ಅವತ್ತು ಸಂಗೀತ ಎಲ್ಲಿತ್ತು? ಬೆಳಿಗ್ಗೆ ಹೆದರಿ ವಾಂತಿ ಮಾಡ್ಕೊಂಡೇ ಹೋಗಿದ್ದೆ ನಾನು."

ಆವರೆಗೆ ಧೈರ್ಯವಂತರಿಗೆ ಹೆದರಿಕೆ ಇರುವುದಿಲ್ಲ ಎಂದುಕೊಂಡಿದ್ದೆ.

ಈಗ ಮಿಲ್ ಇಲ್ಲ, ಪೀಚ್ ತೋಟಗಳಿದ್ದಲ್ಲಿ ಮನೆಗಳ ಸಾಲು. ಮಿಸ್ ಒಡೆಸ್ಸಾ ತೀರಿಕೊಂಡು ವರ್ಷಗಳಾದವು. ಅಂಥ ಚಿತ್ರಗಳು ಮಾತ್ರ ಬರುತ್ತಲೇ ಇವೆ, ಮೊದಲಿಗಿಂತ ಚೆಂದವಾಗಿ. ನಾನು ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಸಂಗೀತ ಏರುವಾಗ ಅವಳು ಕಣ್ಣೊರೆಸಿಕೊಳ್ಳುತ್ತಾಳೆ. ಆ ಹೊತ್ತಿಗೆ ಅವಳ ಕಿವಿಯ ಹತ್ತಿರ ಬಗ್ಗುತ್ತೇನೆ. ಆದರೆ ನಿಜವಾಗಿ ಅದೆಲ್ಲ ನಡೆದ ದಿನ ನಾನು ಅಲ್ಲಿರಲಿಲ್ಲ. ಅವತ್ತು ಸಂಗೀತ ಇರಲಿಲ್ಲವಂತೆ, ಹೆದರಿಕೆ ಇತ್ತಂತೆ ಎಂದು, ಅಲ್ಲಿದ್ದವರು ಹೇಳಿದ್ದನ್ನಷ್ಟೇ ಹೇಳಬಲ್ಲೆ.