ಪರಸಪ್ಪ ಹೊತ್ತುಕೊಂಡ ನನ್ನ ಸುಳ್ಳು

ಅಕ್ಕಾತಾಯಿಯನ್ನು ಮಹಾಪೂರದಲ್ಲಿ ಬಿಟ್ಟು ಬಂದವರು ದೋಣಿಯ ಪರಸಪ್ಪ ಅಲ್ಲ. ನಾನು. ಈ ಒಂದು ಸಾಲು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು — ಬರೆದ ಮೇಲೂ ಹೊಡೆದುಹಾಕಿಬಿಡಲೇ ಅನಿಸುತ್ತಿದೆ.

ಹೋದ ತಿಂಗಳು ಐನಾಪುರದ ವಾಚನಾಲಯದಲ್ಲಿ, ಈ ವರ್ಷ ನಮ್ಮನ್ನು ಅಗಲಿದ ಹಿರಿಯರಿಗೆ ನುಡಿನಮನ ಇತ್ತು. ಮೇಜಿನ ಮೇಲೆ ಮೂರು ಫೋಟೋ. ಬಯಲಾಟದಲ್ಲಿ ಹಾಡಿ ಹೆಸರಾಗಿದ್ದ ಒಬ್ಬ ತಾಯಿ, ಎರಡು ತಲೆಮಾರಿಗೆ ಕುಸ್ತಿ ಕಲಿಸಿದ ಒಬ್ಬ ವಸ್ತಾದರು, ಮತ್ತು ಪರಸಪ್ಪ. ಕೃಷ್ಣೆಗೆ ಪೂರ ಬಂದಾಗಲೆಲ್ಲ ದೋಣಿ ಬಿಟ್ಟು ಜನರನ್ನು ದಡ ಮುಟ್ಟಿಸಿದವರು. ಅವರ ಬಗ್ಗೆ ಎರಡು ಮಾತು ಆಡಬೇಕಾದವಳು ನಾನು — ಅವರು ಉಳಿಸಿದ ಜೀವಗಳಲ್ಲಿ ನನ್ನದೂ ಒಂದಲ್ಲವೆ? ಆಡಿದೆ. ಚಪ್ಪಾಳೆ ತಟ್ಟಿದವರಲ್ಲಿ ನೀವೂ ಇದ್ದಿರಬಹುದು. ಇದು ನಿಮಗೂ ಸೇರಿಯೇ ಬರೆದದ್ದು.

ಆಗ ನಾನು ನದೀದಂಡೆಯ ಒಂದು ಊರಿನಲ್ಲಿ ಶಿಕ್ಷಕಿ. ಅಪ್ಪಾಸಾಬ ಎಂಬ ರೈತರ ಮನೆಗೆ ಹೊಂದಿಕೊಂಡ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇರುತ್ತಿದ್ದೆ. ಅವರ ತಾಯಿಯೇ ಅಕ್ಕಾತಾಯಿ. ನನಗೆ ಜ್ವರ ಬಂದರೆ ಅಂಬಲಿ ಕಾಸಿ ತಂದು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿರುತ್ತಿದ್ದ ಜೀವ.

ಆ ವರ್ಷ ಮಹಾರಾಷ್ಟ್ರದ ಕಡೆ ಮಳೆ ನಿಲ್ಲಲೇ ಇಲ್ಲ. ಹೊಳೆ ಕಬ್ಬಿನ ಹೊಲ ದಾಟಿ ಓಣಿಗೆ ಬಂತು. ಅಪ್ಪಾಸಾಬ ಹೆಂಡತಿ ಮಕ್ಕಳನ್ನೂ ಎಮ್ಮೆಗಳನ್ನೂ ಎತ್ತರದಲ್ಲಿದ್ದ ಶಾಲೆಗೆ ಸಾಗಿಸಿದರು. ಮೊಣಕಾಲು ಹಿಡಿದಿದ್ದ ಅಕ್ಕಾತಾಯಿ ನಡೆಯುವ ಹಾಗಿರಲಿಲ್ಲ. ಹೊರಡುವಾಗ ಅಪ್ಪಾಸಾಬ ನನಗೆ ಹೇಳಿದರು — "ಅಕ್ಕೋರ, ಅವ್ವ ಅಟ್ಟದ ಮ್ಯಾಲ ಕುಂತಾಳ. ದೋಣಿ ಬಂದ ಕೂಡ್ಲೆ ನಿಮ್ಮ ಜೋಡಿ ಕರಕೊಂಡ ಬರ್ರಿ."

"ಹೂಂನ್ರಿ" ಅಂದೆ.

ದೋಣಿ ಬಂದಾಗ ನಾನು ಖೋಲಿಯ ಹೊರಗಿನ ಕಟ್ಟೆಯ ಮೇಲೆ ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ. ಈಜು ಬಾರದವಳು. ಆಗಲೇ ಒಂದು ಹಾವು ನನ್ನ ತೋಳಿಗೆ ತಾಗಿಯೇ ತೇಲಿಹೋಗಿತ್ತು. ದೋಣಿಯಲ್ಲಿ ಆಗಲೇ ಹತ್ತು ಮಂದಿ. ನಾನು ಕಾಲಿಟ್ಟೊಡನೆ ಅದು ಒಂದು ಕಡೆ ವಾಲಿತು, ಹೆಂಗಸರು ಚೀರಿದರು, ನೀರು ಒಳಗೆ ಚಿಮ್ಮಿತು. ಪರಸಪ್ಪ ಬಿದಿರಿನ ಗಳವನ್ನು ಗೋಡೆಗೆ ಒತ್ತಿ ದೋಣಿ ನಿಲ್ಲಿಸಿಕೊಂಡು, ನನ್ನನ್ನೇ ನೋಡಿ ಕೇಳಿದರು — "ಆ ಮನ್ಯಾಗ ಯಾರರ ಅದಾರೇನ್ರಿ ಅಕ್ಕೋರ?"

"ಯಾರೂ ಇಲ್ರಿ. ಎಲ್ಲಾರೂ ಹೋಗ್ಯಾರ. ನಡೀರಿ, ಲಗೂ ನಡೀರಿ."

ಆ ಚೀರಾಟದಲ್ಲಿ ನನ್ನ ಮಾತು ಅವರೊಬ್ಬರಿಗೇ ಕೇಳಿಸಿತು. ಇನ್ನೊಬ್ಬರು ಏರಿದರೆ ದೋಣಿ ಮುಳುಗುತ್ತದೆ ಅನಿಸಿತು ನನಗೆ. ಅನಿಸಿತು, ಅಷ್ಟೆ. ಪರಸಪ್ಪನವರಿಗೆ ಹಾಗನಿಸಿರಲಿಲ್ಲ. ಅನಿಸಿದ್ದರೆ ಅವರು ಕೇಳುತ್ತಲೇ ಇರಲಿಲ್ಲ.

ಶಾಲೆಯ ಮೆಟ್ಟಿಲಲ್ಲಿ ಅಪ್ಪಾಸಾಬ ಕಾಯುತ್ತಿದ್ದರು. ಇಳಿಯುವವರ ಮುಖ ಒಂದೊಂದಾಗಿ ನೋಡಿದರು. "ಅವ್ವ ಎಲ್ಲಿ?"

ಪರಸಪ್ಪ ನನ್ನ ಕಡೆ ತಿರುಗಿದರು. ಒಂದೇ ಸಲ. ಆ ನೋಟದಲ್ಲಿ ಅವರಿಗೆ ಎಲ್ಲವೂ ತಿಳಿಯಿತು — ನನಗೂ ತಿಳಿಯಿತು, ಅವರಿಗೆ ತಿಳಿಯಿತೆಂದು. "ಈಗ ಹೋಗಿ ತರ್ತೀನ್ರಿ" ಅಂದವರೇ ಒಬ್ಬರೇ ಮತ್ತೆ ದೋಣಿ ತಳ್ಳಿದರು. ಅವರು ಮುಟ್ಟುವಷ್ಟರಲ್ಲಿ ಮಣ್ಣಿನ ಗೋಡೆ ಕುಸಿದು, ಅಟ್ಟ ನೀರೊಳಗೆ ಹೋಗಿತ್ತು. ಎರಡು ದಿನದ ಮೇಲೆ ಅಕ್ಕಾತಾಯಿಯ ದೇಹ ಕಬ್ಬಿನ ನಡುವೆ ಸಿಕ್ಕಿತು.

ಅವತ್ತು ಖಾಲಿ ದೋಣಿ ಮರಳಿದಾಗಲೇ ಅಪ್ಪಾಸಾಬ ಪರಸಪ್ಪನವರ ಅಂಗಿ ಹಿಡಿದು ಜಗ್ಗಾಡಿದರು. "ಮನಿ ಮುಂದ ನಿಂತ ನಮ್ಮವ್ವನ್ನ ಹ್ಯಾಂಗ ಬಿಟ್ಟ ಬಂದ್ಯೋ?"

"ನಂದ ತಪ್ಪಾತ್ರಿ. ನಾ ನೋಡಲಿಲ್ಲ."

ನಾನು ಮೂರು ಮಾರು ದೂರದಲ್ಲಿ, ಯಾರೋ ಹೊದಿಸಿದ ಕಂಬಳಿಯೊಳಗೆ ನಿಂತಿದ್ದೆ. ದೋಣಿಯವರೇ ತಪ್ಪು ಒಪ್ಪಿಕೊಂಡ ಮೇಲೆ ನನ್ನನ್ನು ಯಾರೂ ಕೇಳಲಿಲ್ಲ; ನಾನೂ ಬಾಯಿ ತೆರೆಯಲಿಲ್ಲ.

ಅವರು ಯಾಕೆ ಹಾಗೆ ಹೇಳಿದರು? ಪರವೂರಿನ ಒಂಟಿ ಹೆಂಗಸು, ಸಿಟ್ಟಿಗೆದ್ದ ಜನರ ನಡುವೆ — ಇವಳ ಗತಿ ಏನಾದೀತು ಎಂದೋ? ಅಥವಾ — ಗೊತ್ತಿಲ್ಲ. ಕೇಳಬೇಕಾದವಳು ನಾನು, ಕೇಳಲಿಲ್ಲ. ಮುಂದೆ ಎಷ್ಟೋ ಪೂರ ಬಂದವು, ಅವರು ಎಷ್ಟೋ ಜನರನ್ನು ಉಳಿಸಿದರು, ಅಥಣಿಯವರು ಕರೆದು ಅವರಿಗೆ ಶಾಲು ಹೊದಿಸಿದರು. ಆದರೂ ಹೊಗಳುವವರ ನಾಲಿಗೆಯ ಮೇಲೆ ಆ ಒಂದು ಮಾತು ಬಂದೇ ಬರುತ್ತಿತ್ತು — ಮುದುಕಿಯನ್ನು ಬಿಟ್ಟು ಬಂದಿದ್ದ, ನೋಡ್ರಿ. ಅವರು ಚಹಾದ ಅಂಗಡಿಗೆ ಬಂದರೆ ಅಪ್ಪಾಸಾಬ ಅರ್ಧ ಕಪ್ಪು ಬಿಟ್ಟು ಎದ್ದುಹೋಗುತ್ತಿದ್ದರಂತೆ.

ನಾನು ವರ್ಗಾವಣೆ ಕೇಳಿಕೊಂಡು ಐನಾಪುರಕ್ಕೆ ಬಂದೆ. ಸಂತೆಯಲ್ಲಿ ಕೆಲವೊಮ್ಮೆ ಪರಸಪ್ಪ ಎದುರಾಗುತ್ತಿದ್ದರು. "ಅರಾಮ ಅದೀರೇನ್ರಿ ಅಕ್ಕೋರ?" — ಅಷ್ಟೇ ಕೇಳುತ್ತಿದ್ದರು. ಮುಂದಿನ ಮಾತು ಈಗ ಬಂತು, ಈಗ ಬಂತು ಎಂದು ಹೆದರುತ್ತಿದ್ದೆ. ಬರಲೇ ಇಲ್ಲ. ಆಮೇಲಾಮೇಲೆ ಅವರ ತಲೆಯ ಪಟಕ ದೂರದಲ್ಲಿ ಕಂಡರೂ ನಾನು ಬೇರೆ ಓಣಿ ಹಿಡಿಯುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಎದೆ ಹಗುರಾಯಿತು. ಇನ್ನು ಯಾರಿಗೂ ಗೊತ್ತಿಲ್ಲ — ಇದು ನಾನು ಹೇಳಲೇಬೇಕಾದ ಎರಡನೆಯ ತಪ್ಪು.

ನುಡಿನಮನ ಮುಗಿದ ಮೇಲೆ ಅವರ ಮಗಳು ಸುರೇಖಾ ನನ್ನ ಹತ್ತಿರ ಬಂದಳು. "ಅಕ್ಕೋರ, ಅವತ್ತ ನೀವೂ ದೋಣ್ಯಾಗ ಇದ್ರೆಲಾ? ಮನಿ ಮುಂದ ನಿಂತರೂ ಅಪ್ಪಾ ಯಾಕ ಒಳಗ ನೋಡಲಿಲ್ರಿ?"

"ನೆನಪಿಲ್ಲವ್ವಾ. ಭಾಳ ಗದ್ದಲಿತ್ತು."

ಅವಳು ಹೋಗಲಿಲ್ಲ. "ಅಪ್ಪಾ ಹಾಸಿಗಿ ಹಿಡದಾಗ ಅವರನ್ನೂ ಕೇಳಿದ್ನಿರಿ. ಅಕ್ಕೋರನ್ನ ಮಾತ್ರ ಎಂದೂ ಕೇಳಬ್ಯಾಡ ಅಂದ್ರು. ಅದಕ್ಕ ನಿಮ್ಮನ್ನ ಕೇಳಿದೆ."

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಹಾಲಿನವನು ಕದ ತಟ್ಟಿದರೂ ಬೆಚ್ಚುತ್ತಿದ್ದೆ. ಅಂಗಳದಲ್ಲಿ ಗಾಡಿ ನಿಂತರೆ ಅಪ್ಪಾಸಾಬ ಬಂದರೇನೋ ಎಂದು ಕಿಟಕಿಯ ಮರೆಗೆ ಸರಿಯುತ್ತಿದ್ದೆ. ಈ ವಯಸ್ಸಿನಲ್ಲಿ ನನಗೆ ಆಗುವುದಾದರೂ ಏನು? ಹಳೆಯ ಶಿಷ್ಯರು ಕಾಲು ಮುಟ್ಟುವುದನ್ನು ಬಿಟ್ಟಾರು. ಅಷ್ಟೇ ಅಲ್ಲವೆ — ಅಷ್ಟಕ್ಕಾಗಿ ಒಬ್ಬ ಮನುಷ್ಯ ಸಾಯುವವರೆಗೂ ನನ್ನ ಸುಳ್ಳನ್ನು ಹೊತ್ತು ತಿರುಗಿದರು.

ಆರನೆಯ ದಿನ ಸುರೇಖಾಳ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ, ನಾನು ಆಡಿದ ಸುಳ್ಳನ್ನು. ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ಎದ್ದರೂ ತೆಗೆಯಲಿಲ್ಲ.

"ಅಪ್ಪಾ ಇದ್ದಾಗ ಬರಬೇಕಿತ್ರಿ ನೀವು."

ಕರಕಾದ ರೊಟ್ಟಿಯನ್ನು ಈಗ ತೆಗೆದು ಆಚೆಗಿಟ್ಟಳು.

"ನನಗ ಹೇಳಿದ್ರ ಆಗಲಿಲ್ಲ. ಅಪ್ಪಾಸಾಬ ಕಾಕಾಗೂ ಹೇಳ್ರಿ. ನಾನೂ ಬರ್ತೀನಿ." ಕೈ ತೊಳೆದುಕೊಳ್ಳುತ್ತ ಅಂದಳು — "ಸಮಾಧಾನ ಮಾಡಾಕ ಬರಾಕತ್ತಿಲ್ರಿ. ನೀವು ಅರ್ಧ ಹಾದ್ಯಾಗ ತಿರಗಬಾರದು, ಅದಕ್ಕ."

ನಿಜವಾಗಿಯೂ, ಅವಳು ಪಕ್ಕದಲ್ಲಿ ಇಲ್ಲದಿದ್ದರೆ ನಾನು ನಡುವಿನ ಯಾವುದೋ ನಿಲ್ದಾಣದಲ್ಲಿ ಬಸ್ಸಿಳಿದು ಹಿಂದಿರುಗುತ್ತಿದ್ದೆ.

ಅಪ್ಪಾಸಾಬ ಈಗ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದಾರೆ. ತಲೆ ಪೂರಾ ಬೆಳ್ಳಗಾಗಿದೆ. ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದವರು ನನ್ನನ್ನು ಗುರುತು ಹಿಡಿದು, "ಬರ್ರಿ ಅಕ್ಕೋರ, ಭಾಳ ದಿವಸಕ್ಕ ಬಂದ್ರಿ" ಎಂದು ನಕ್ಕರು. ಆ ನಗು ನೋಡಿ ನಾನು ಒಂದು ಹೆಜ್ಜೆ ಹಿಂದಕ್ಕಿಟ್ಟೆ. ಸುರೇಖಾ ಹಿಂದೆ ನಿಂತಿದ್ದಳು. ನಾನು ಹೇಳಿದೆ.

ಅವರು ಬಯ್ಯಲಿಲ್ಲ. ಕೈಯೆತ್ತಲಿಲ್ಲ. ಸುರೇಖಾಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಕೇಳಿದರು.

"ದೋಣಿ ಹೊಂಟಾಗ ಅವ್ವ ಕೂಗಿದ್ಲೇನ್ರಿ?"

ಇದನ್ನು ನಾನು ಸುರೇಖಾಳಿಗೂ ಹೇಳಿರಲಿಲ್ಲ. ನೀರಿನ ಸದ್ದಿನಲ್ಲಿ, ಹೆಂಗಸರ ಅಳುವಿನಲ್ಲಿ, ಹಿಂದೆ ಕೂತಿದ್ದ ನನ್ನೊಬ್ಬಳಿಗೇ ಕೇಳಿಸಿದ್ದು. ಕೂಗಲಿಲ್ಲ ಎಂದುಬಿಟ್ಟರೆ ಎದುರಿಗಿದ್ದ ಆ ಮುದಿಜೀವಕ್ಕೆ ಅಷ್ಟಾದರೂ ನೆಮ್ಮದಿ — ಇಲ್ಲ. ಆ ಸುಳ್ಳು ಅವರಿಗಾಗಿ ಅಲ್ಲ, ನನಗಾಗಿಯೇ ಎಂದು ನನಗೆ ಗೊತ್ತಿತ್ತು.

"ಹೌದ್ರಿ, ಕೂಗಿದ್ರು. ನನ್ನನ್ನ ಕೂಗಿದ್ರು. ಎರಡ ಸಲ."

ಅಪ್ಪಾಸಾಬ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತರು. ಹೋಗ್ರಿ ಎನ್ನಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ನಾನು ಅಂಗಳದಲ್ಲಿ ನಿಂತೇ ಇದ್ದೆ.