ಪೋಲೆಂಡ್ ಜರ್ನಲ್ಲಿಗೊಬ್ಬ ಅಂಕಲ್

ನಾನು ಅಮೆರಿಕದ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿದ್ದುಕೊಂಡು ಅಪರಾಧಶಾಸ್ತ್ರದಲ್ಲಿ ಪಿಎಚ್.ಡಿ. ಮಾಡ್ತಿದ್ದೀನಿ. ನನ್ನ ಒಂದೇ ಒಂದು ಲೇಖನ ಅಚ್ಚಾಗಿರೋದು ಪೋಲೆಂಡಿನ ಜರ್ನಲ್ ಒಂದರಲ್ಲಿ. ಅದರಿಂದ ಯಾರಿಗಾದರೂ ಉಪಯೋಗವಿದೆ ಅಂತ ಗೊತ್ತಾಗಿದ್ದು ಹತ್ತಿರದ ಕೆಂಡಲ್ ಪಾರ್ಕ್ ಊರಲ್ಲಿ ಕನ್ನಡಿಗರು ತಂತಮ್ಮ ಮನೆ ಅಡುಗೆ ತಂದು ಹಂಚಿಕೊಳ್ಳೋ ಒಂದು ಪಾಟ್‌ಲಕ್‌ನಲ್ಲಿ.

"ನಿನ್ನ ಲೇಖನ ಬಂದ ಜರ್ನಲ್‌ನಲ್ಲಿ ನನ್ನನ್ನ ರಿವ್ಯೂಯರ್ ಮಾಡ್ಸಮ್ಮಾ," ಅಂದರು ಒಬ್ಬ ಅಂಕಲ್, ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ. "ಬೇರೆಯವರ ಲೇಖನ ಜಡ್ಜ್ ಮಾಡಿದ್ರೆ ಗ್ರೀನ್ ಕಾರ್ಡ್‌ಗೆ ಒಳ್ಳೇದು ಅಂದ್ರು ಲಾಯರ್. ಮಗಳಿಗೆ ಇಪ್ಪತ್ತೊಂದು ತುಂಬೋದ್ರೊಳಗೆ ಆಗ್ಬೇಕು, ಆಮೇಲಾದ್ರೆ ನಮ್ಮ ಜೊತೆ ಅವಳಿಗೆ ಸಿಗಲ್ಲ."

"ಅದು ಕಾನೂನು, ಅಪರಾಧದ ಜರ್ನಲ್, ಅಂಕಲ್. ನೀವು ಸಾಫ್ಟ್‌ವೇರ್ ಟೆಸ್ಟಿಂಗ್."

"ತಪ್ಪು ಹುಡುಕೋದು ತಾನೇ?"

ಅವರ ಮಗಳ ಮುಖ ನೋಡಿ ಸಂಪಾದಕರಿಗೆ ಬರೆದೆ. ಅವರಿಗೂ ಕಂಪ್ಯೂಟರ್ ಬಲ್ಲವರೊಬ್ಬರು ಬೇಕಾಗಿತ್ತಂತೆ. ವೀಸಾಕ್ಕಾಗಿ ಅರ್ಹತೆ ಉಬ್ಬಿಸಿ ತೋರಿಸುವವರನ್ನ ಸಾಫ್ಟ್‌ವೇರ್‌ನಿಂದ ಪತ್ತೆ ಹಚ್ಚೋದು ಹೇಗೆ ಅನ್ನೋ ಲೇಖನವನ್ನ ಅಂಕಲ್‌ಗೆ ಕಳಿಸಿದರು.

ಅಂಕಲ್ ವಾರದೊಳಗೆ ಓದಿ, ತಮ್ಮ ವರದಿಯನ್ನ ನನಗೂ ತೋರಿಸಿದರು: "ವಿಷಯ ಮುಖ್ಯವಾದದ್ದು. ಆದರೆ ಲೇಖಕರಿಗೆ ಅನುಭವ ಸಾಲದು. ಅರ್ಹತೆ ಉಬ್ಬಿಸೋಕೆ ಎಲ್ಲರೂ ಹಿಡಿಯೋ ದಾರಿಗಳನ್ನೇ ಬಿಟ್ಟಿದ್ದಾರೆ." ಕೆಳಗೆ ಆ ದಾರಿಗಳನ್ನೆಲ್ಲ ವಿವರವಾಗಿ ಬರೆದಿದ್ದರು.

ಈ ವಿಷಯವನ್ನ ಇಷ್ಟು ಆಳವಾಗಿ ಬಲ್ಲವರು ಅಪರೂಪ ಅಂತ ಸಂಪಾದಕರು ಮೆಚ್ಚಿ ಪತ್ರ ಕೊಟ್ಟರು. ಅಂಕಲ್‌ರ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಈಗ ಅದೇ ಮೊದಲನೇ ಸಾಕ್ಷಿ.